ರೇಸ್ ಕಾರಿನ ಇಂಜಿನ್ ಮುಂದಿಂದ ಹಿಂದಕ್ಕ ಹೋಗಿದ್ದು ಯಾವಾಗ, ಮೊದಲ ಮಾಡಿದವರು ಯಾರು?

ಗ್ಯಾರೇಜ್ ಹುಡುಗ, ಹಳೇ ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರೀ, ಒಂದ್ ಡೌಟ್ ಐತಿ. ನಮ್ಮ ಅಪ್ಪಾರ ಗ್ಯಾರೇಜಿಗೆ ಒಂದು ಹಳೇ ಪದ್ಮಿನಿ ಕಾರು ಬಂದೈತಿ, ಹೋದ ವಾರ ಅದರ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ ತಾಕತ್ತು ಹಿಂದಿನ ಗಾಲಿಗೆ ಒಯ್ಯೂ ಪೈಪು) ಇಳಿಸಿದ್ವಿ, ಜಾಯಿಂಟಿನ ಕ್ರಾಸ್ ಹೋಗಿ ಕಟಕಟ ಅಂತಿತ್ತು. ಕೆಳಗ ಮಲಕೊಂಡು ನೋಡಿದ್ರ ಇಂಜಿನ್ ಮುಂದ, ಎಳಿಯೂ ಗಾಲಿ ಹಿಂದ, ನಡುವ ಅಷ್ಟುದ್ದ ಪೈಪು. 1950ರ ದಶಕದ ರೇಸ್ ಡ್ರೈವರ್ ಫಾಂಜಿಯೋ ಕಾಲದ ಮಾಸೆರಾಟಿ ರೇಸ್ ಕಾರಿನ ಫೋಟೋದಾಗೂ ಹಿಂಗ ಐತಿ, ಇಂಜಿನ್ ಮುಂದ, ಡ್ರೈವರ್ ಹಿಂದಿನ ಗಾಲಿ ಹತ್ರ ಎತ್ತರಕ್ಕ ಕುಂತಾನ. ಆದ್ರ 1960ರ ದಶಕದ ಫೋಟೋ ನೋಡಿದ್ರ ಎಲ್ಲಾ ಉಲ್ಟಾ, ಡ್ರೈವರ್ ಮುಂದ ಮಲಗಿದಂಗ, ಇಂಜಿನ್ ಬೆನ್ನ ಹಿಂದ. ನಮ್ಮ ಕಡೆ ಒಬ್ಬ ಅಣ್ಣ ಇದನ್ನ ಫೆರಾರಿನ ಮೊದಲ ಮಾಡಿದ್ದು ಅಂತಾನ, ಖರೇ ಏನ್ರಿ? ಮತ್ತ ಅಷ್ಟು ಲಗೂನ ಎಲ್ಲಾರೂ ಯಾಕ ಬದಲಾದ್ರು?

ಸಪ್ತಾಪುರ, ಧಾರವಾಡ

ತಮ್ಮಾ, ಫೆರಾರಿ ಅಲ್ಲ, ಇದರಾಗ ಅವರು ಕಡೀಕ ಬಂದವರು. ಎತ್ತು ಗಾಡಿ ಮುಂದ ಇದ್ದು ಎಳೀಬೇಕು, ಹಿಂದ ನಿಂತು ನೂಕೂದಲ್ಲ ಅಂತ ಎಂಜೋ ಫೆರಾರಿ ಹೇಳ್ತಿದ್ರಂತ.

ಮೊದಲ ಅಂತ ಕೇಳಿದ್ರ 1923ರಾಗ ಜರ್ಮನಿಯ ಬೆಂಜ್ ಕಂಪನಿ ಹಿಂತಾ ಕಾರು ಓಡಿಸಿತ್ತು, ಆದ್ರ ಯುದ್ಧಕ್ಕಿಂತ ಮುಂಚೆ ಹೆಸರು ಮಾಡಿದ್ದು 1934ರಿಂದ ಬಂದ ಜರ್ಮನಿಯ ಆಟೋ ಯೂನಿಯನ್ ಕಾರು. ಫರ್ಡಿನಾಂಡ್ ಪೋರ್ಶೆ ಡಿಸೈನು, ಡ್ರೈವರ್ ಹಿಂದ 16 ಸಿಲಿಂಡರ್ ಇಂಜಿನ್. ಆದ್ರ ಹಿಂದ ಅಷ್ಟು ಭಾರ, ಡ್ರೈವರ್ ಪೂರಾ ಮುಂದ ಕೂಡಾಂವ, ಬಾಲ ಜಾರಿದ್ದು ಅವಗ ಗೊತ್ತಾಗೂದ್ರಾಗ ತಡಾ ಆಗಿರ್ತಿತ್ತು. ರೋಸ್‌ಮೇಯರ್ ಅಂಥಾ ಕೆಲವರಷ್ಟ ಅದನ್ನ ಪಳಗಿಸಿದ್ರು. ಹಿಂಗಾಗಿ ಯುದ್ಧ ಮುಗದ ಮ್ಯಾಲೆ ಎಲ್ಲಾರೂ ಹೊಳ್ಳಿ ಮುಂದಿನ ಇಂಜಿನ್ನಿಗೇ ಬಂದ್ರು.

ಬದಲಾವಣಿ ತಂದವರು ಲಂಡನ್ ಹತ್ರ ಸರ್ಬಿಟನ್‌ದಾಗ ಗ್ಯಾರೇಜ್ ಇಟ್ಟಿದ್ದ ಅಪ್ಪ ಮಗ, ಚಾರ್ಲ್ಸ್ ಕೂಪರ್, ಜಾನ್ ಕೂಪರ್. 1946ರಾಗ ಕೈಯಾಗ ರೊಕ್ಕಿಲ್ಲ, ಸಾಮಾನಿಲ್ಲ, ಎರಡು ಹಳೇ ಫಿಯೆಟ್ ಟೊಪೊಲಿನೊ ಕಾರು ಕೊಯ್ದು, ಎರಡರ ಮುಂದಿನ ಸಸ್ಪೆನ್ಷನ್ ತಗೊಂಡು, ಒಂದನ್ನ ಮುಂದ ಒಂದನ್ನ ಹಿಂದ ಕೂಡಿಸಿ ವೆಲ್ಡ್ ಮಾಡಿದ್ರು. ಇಂಜಿನ್ನು ಜಾಪ್ ಕಂಪನಿಯ 500 ಸಿಸಿ ಬೈಕ್ ಇಂಜಿನ್ನು. ಬೈಕ್ ಇಂಜಿನ್ ಅಂದ್ಮ್ಯಾಲ ಚೈನ್ ಡ್ರೈವ್, ಚೈನ್ ಗಿಡ್ಡ ಇರಬೇಕಂದ್ರ ಇಂಜಿನ್ ಹಿಂದಿನ ಗಾಲಿ ಹತ್ರಾನ ಇರಬೇಕಲ್ಲ, ಅದಕ್ಕ ಹಿಂದ ಇಟ್ರು, ಅಷ್ಟ. ನೀವು ಈಗ ಬಿಚ್ಚಿದ ಪದ್ಮಿನಿನೂ ಫಿಯೆಟ್ ಮನಿತನದ್ದ, ನೆನಪಿರಲಿ.

ಬೆಟಗೇರಿ, ಗದಗ

ನನಗ ಈ ಕಥಿಯೊಳಗ ಎಲ್ಲಕ್ಕಿಂತ ಇಷ್ಟ 1958ರ ಜನವರಿ, ಅರ್ಜೆಂಟೀನಾ ಗ್ರಾನ್ ಪ್ರಿ. ಇಂಗ್ಲೆಂಡಿನ ಡ್ರೈವರ್ ಸ್ಟರ್ಲಿಂಗ್ ಮಾಸ್ ಹತ್ರ ಕೂಪರ್ ಇತ್ತು, ಅದೂ ಕಂಪನಿದಲ್ಲ, ರಾಬ್ ವಾಕರ್ ಅನ್ನಾಂವನ ಖಾಸಗಿ ಟೀಮಿಂದು. ಇಂಜಿನ್ ಎರಡು ಲೀಟರಿಗೂ ಒಂಚೂರು ಕಡಿಮಿ, ಎದುರಿಗೆ 2.4 ಲೀಟರ್ ಫೆರಾರಿ, 2.5 ಲೀಟರ್ ಮಾಸೆರಾಟಿ. ಇನ್ನ ದೊಡ್ಡ ತ್ರಾಸ ಅಂದ್ರ ಗಾಲಿ, ಉಳಿದವರ ಗಾಲಿಗೆ ನಡುವ ಒಂದ ನಟ್, ಸುತ್ತಿಗಿಲೆ ಹೊಡದ್ರ ಬಿಚ್ಚತದ, ಕೂಪರಿಗೆ ನಾಲ್ಕು ಬೋಲ್ಟ್. ಟೈರ್ ಬದ್ಲಿ ಮಾಡಾಕ ನಿಂತ್ರ ರೇಸ್ ಹೋದಂಗ. ಹಂಗಂತ ಮಾಸ್ ನಿಲ್ಲದ ಓಡ್ಸೂದು ಅಂತ ಮೊದಲ ಠರಾಸಿದ್ದ, ಅವರ ಮೆಕ್ಯಾನಿಕ್ ಮಾತ್ರ ಪಿಟ್‌ನಾಗ ಟೈರ್ ಹೊರಗ ತಂದು ಹೊಂದಿಸಿ ಇಟ್ಟು, ಈಗ ಬರ್ತಾನ ಈಗ ಬರ್ತಾನ ಅನ್ನೂ ಹಂಗ ತೋರಿಸ್ತಿದ್ದ. ಫೆರಾರಿಯವರು ಅದನ್ನ ನಂಬಿ ತಮ್ಮ ಡ್ರೈವರ್ ಮುಸ್ಸೋಗೆ ಅವಸರ ಮಾಡಸಲಿಲ್ಲ. ಗೊತ್ತಾಗೂದ್ರೊಳಗ ಹೊತ್ತು ಮೀರಿತ್ತು. ಕಡೀ ಲ್ಯಾಪಿಗೆ ಟೈರ್ ರಬ್ಬರ್ ಸವದು ಒಳಗಿನ ಬಟ್ಟಿ ಎಳಿ ಕಾಣಾಕತ್ತಿತ್ತು, ಎಣ್ಣಿ ಬಿದ್ದಲ್ಲಿ ಬೇಕಂತನ ಗಾಲಿ ಹಾಯಿಸಿ ಟೈರ್ ತಂಪಾಗಿಟ್ಕೊಂಡು ಬಂದ, 2.7 ಸೆಕೆಂಡ್ ಅಂತರದಾಗ ಗೆದ್ದ. ವಿಶ್ವ ಚಾಂಪಿಯನ್‌ಶಿಪ್ ಗ್ರಾನ್ ಪ್ರಿ ಒಳಗ ಹಿಂದಿನ ಇಂಜಿನ್ನಿನ ಮೊದಲನೇ ಗೆಲುವು ಅದ. ಬೆಂಕಿ ನಂದಸೂ ಪಂಪಿನ ಇಂಜಿನ್ ಹಾಕ್ಕೊಂಡು ಫೆರಾರಿ ಸೋಲ್ಸಿದ್ರು, ನೆನಸಿಕೊಂಡ್ರ ಈಗೂ ಮೈ ಝುಂ ಅಂತದ.

ರಾಣೆಬೆನ್ನೂರು, ಹಾವೇರಿ ಜಿಲ್ಲಾ

ಗದಗಿನ ಅಣ್ಣಾರ, ಒಂದು ತಿದ್ದುಪಡಿ. ಇಂಜಿನ್ ಕೊಟ್ಟ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿ ಬೆಂಕಿ ಪಂಪಿನ ಇಂಜಿನ್ ಮಾಡ್ತಿದ್ದದ್ದು ಖರೆ, ಅವರ ಎಫ್‌ಡಬ್ಲ್ಯೂಎ ಅನ್ನೂ 1098 ಸಿಸಿ ಇಂಜಿನ್ ಆ ಪಂಪಿಂದನ ಹುಟ್ಟಿದ್ದು. ಆದ್ರ ಮಾಸ್ ಕಾರಿನಾಗಿದ್ದದ್ದು ಎಫ್‌ಪಿಎಫ್, ಅದನ್ನ ರೇಸಿಗಂತನ ಬ್ಯಾರೆ ಮಾಡಿದ್ದು. ಇದು ಎಲ್ಲಾ ಕಡೆ ಕಲಸಿ ಬಿಟ್ಟಾರ.

ಈಗ ತಮ್ಮಗ ಯಾಕ ಬದಲಾದ್ರು ಅನ್ನೂದು. ಒಂದು, ಪ್ರೊಪೆಲ್ಲರ್ ಶಾಫ್ಟ್ ಇಲ್ಲ ಅಂದ್ರ ಡ್ರೈವರ್ ಸೀಟಿನ ಕೆಳಗ ಏನೂ ಹಾಯಂಗಿಲ್ಲ, ನೆಲಕ್ಕ ಹತ್ತಿ ಕೂಡಬಹುದು, ಕಾರು ಗಿಡ್ಡ ಆತು, ಹಗುರ ಆತು, ಗಾಳಿಗೆ ಸಿಗೂದು ಕಡಿಮಿ. ಎರಡನೇದ್ದು ದೊಡ್ಡದು. ಒಂದು ಉದ್ದ ಬೊಂಬಿನ ಎರಡೂ ತುದಿಗೆ ತುಂಬಿದ ಕೊಡ ಕಟ್ಟಿ ಹೆಗಲ ಮ್ಯಾಲೆ ಇಟ್ಕೊಂಡು ಗಕ್ಕನ ಹೊಳ್ಳಿ ನೋಡ್ರಿ, ಮೈ ತಿರಗತೈತಿ ಕೊಡ ತಿರಗಂಗಿಲ್ಲ, ಆಮ್ಯಾಲೆ ನಿಲ್ಸಾಕ ಹೋದ್ರ ನಿಲ್ಲಂಗಿಲ್ಲ. ಅವ ಎರಡು ಕೊಡ ಎದಿಗೆ ಅವಚಿಕೊಂಡು ಹೊಳ್ರಿ, ಸಲೀಸ. ಕೂಪರ್ ಇಂಜಿನ್ ಇಟ್ಟಿದ್ದು ಡ್ರೈವರ್ ಬೆನ್ನಿಗೂ ಹಿಂದಿನ ಅಚ್ಚಿಗೂ ನಡುವ, ಪೂರಾ ಹಿಂದ ಅಲ್ಲ. ಭಾರ ಎಲ್ಲಾ ನಡುವ ಬಂತು, ಇಂಜಿನ್ನೂ ಸಣ್ಣದು, ಅದಕ್ಕ ಆಟೋ ಯೂನಿಯನ್ನಿನ ಪಾಡು ಇದಕ್ಕ ಬರಲಿಲ್ಲ. ನಮ್ಮ ಚಕ್ಕಡಿಗೆ ಹೇರು ಹೇರಾಂವನೂ ಇದನ್ನ ನೋಡ್ತಾನ, ಮುಂದ ಭಾರ ಆದ್ರ ಎತ್ತಿನ ಕುತ್ತಿಗಿಗೆ ಪೆಟ್ಟು, ಹಿಂದ ಭಾರ ಆದ್ರ ನೊಗ ಮ್ಯಾಲ ಏಳತೈತಿ.

1959, 1960 ಎರಡೂ ವರ್ಷ ಜಾಕ್ ಬ್ರಾಭಮ್ ಕೂಪರ್ ಮ್ಯಾಲ ಚಾಂಪಿಯನ್. ಮುಂದಿನ ಇಂಜಿನ್ನಿನ ಕಡೀ ಗ್ರಾನ್ ಪ್ರಿ ಗೆಲುವು 1960ರಾಗ ಇಟಲಿಯ ಮೊನ್ಜಾ ಟ್ರ್ಯಾಕಿನಾಗ, ಫೆರಾರಿಯೊಳಗ ಫಿಲ್ ಹಿಲ್, ಅದೂ ಬ್ರಿಟಿಷ್ ಟೀಮಿನವರು ಅಲ್ಲಿಯ ಬ್ಯಾಂಕಿಂಗ್ (ಒಂದು ಕಡೆ ಎತ್ತರಕ್ಕ ವಾಲಿಸಿದ ತಿರುವು) ಡೇಂಜರ್ ಅಂತ ಬಂದಿರಲಿಲ್ಲ. ಮರುವರ್ಷ ಫೆರಾರಿನೂ ಎತ್ತು ಹಿಂದಕ್ಕ ಕಟ್ಟಿತು, ಅದೇ ಹಿಲ್ ಚಾಂಪಿಯನ್ ಆದ. ಅಮೆರಿಕದ ಇಂಡಿಯಾನಾಪೊಲಿಸ್‌ದಾಗ 1961ರಾಗ ಬ್ರಾಭಮ್ ಸಣ್ಣ ಕೂಪರ್ ತಗೊಂಡು ಹೋಗಿ 9ನೇದವ ಆದ, 1965ಕ್ಕ ಜಿಮ್ ಕ್ಲಾರ್ಕ್ ಲೋಟಸ್ ಮ್ಯಾಲ ಗೆದ್ದ, ಅಲ್ಲೂ ಮುಂದಿನ ಇಂಜಿನ್ನಿನ ಕಾಲ ಮುಗೀತು.

ಗ್ಯಾರೇಜ್ ಹುಡುಗ, ಹಳೇ ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಅಪ್ಪಾರಿಗೆ ಪೂರಾ ಓದಿ ಹೇಳಿದೆ, ನಾಲ್ಕು ಬೋಲ್ಟಿನ ಮಾತು ಬಂದಾಗ ಕೈಯಾಗಿನ ಪಾನಾ ಕೆಳಗಿಟ್ಟು ಕುಂತು ಕೇಳಿದ್ರು, ಎರಡು ಫಿಯೆಟ್ ಕೊಯ್ದು ಒಂದು ಮಾಡಿದ್ದನ್ನ ಹೊಳ್ಳಿ ಎರಡು ಸಲ ಓದಿಸಿದ್ರು. ಬ್ರಾಭಮ್ ಕಾರು ನೂಕಿಕೊಂಡು ಹೋಗಿ ಚಾಂಪಿಯನ್ ಆದ ಅಂತಾರಲ್ರಿ, ಅದು ಇದ ಕೂಪರ್ ಏನು?

ಸಪ್ತಾಪುರ, ಧಾರವಾಡ

ಹೌದು ತಮ್ಮಾ, ಇದ ಕೂಪರ್. 1959ರ ಡಿಸೆಂಬರ್ 12, ಅಮೆರಿಕದ ಸೆಬ್ರಿಂಗ್, ಹಳೇ ವಿಮಾನ ನಿಲ್ದಾಣದ ಮ್ಯಾಲಿನ ಟ್ರ್ಯಾಕು. ಕಡೀ ಲ್ಯಾಪಿನಾಗ ಬ್ರಾಭಮ್ ಮುಂದ ಇದ್ದ, ಗೆರಿ ಇನ್ನೇನು ಕಾಣಬೇಕು ಅನ್ನೂದ್ರಾಗ ಪೆಟ್ರೋಲ್ ಖಾಲಿ. ಇಳದು ಒಬ್ಬನ ನೂಕಿದ, ನಾಲ್ಕನೇದವ ಆಗಿ ಗೆರಿ ದಾಟಿ ಅಲ್ಲೇ ನೆಲಕ್ಕ ಬಿದ್ದ. ಲೆಕ್ಕಕ್ಕ ನೋಡಿದ್ರ ನೂಕದಿದ್ರೂ ಚಾಂಪಿಯನ್ ಆಗ್ತಿದ್ದ, ಯಾಕಂದ್ರ ಪಟ್ಟಕ್ಕ ಪೈಪೋಟಿ ಇದ್ದ ಇಬ್ಬರೊಳಗ ಮಾಸ್ ಗೇರ್‌ಬಾಕ್ಸ್ ಹೋಗಿ ಹೊರಗ ಬಿದ್ದಿದ್ದ, ಫೆರಾರಿಯ ಬ್ರೂಕ್ಸ್ ಮೂರನೇ ಜಾಗಾದಾಗಿದ್ದ. ಆದ್ರ ಇದನ್ನ ಲೆಕ್ಕ ಹಾಕ್ಕೋತ ಕೂಡೂ ಹೊತ್ತಲ್ಲ ಅದು. ಅವತ್ತ ಗೆದ್ದಾಂವ ಅವನ ಟೀಮಿನ 22 ವರ್ಷದ ಹುಡುಗ, ಅವನ ಕೈಯಾಗೂ ಕೂಪರ್. ಹೆಸರು ಬ್ರೂಸ್ ಮೆಕ್‌ಲಾರೆನ್. ಈಗ ನೀವು ನೋಡೂ ಮೆಕ್‌ಲಾರೆನ್ ಟೀಮ್ ಅದಾದ ನಾಲ್ಕು ವರ್ಷಕ್ಕ, 1963ರಾಗ, ಅವನ ಕಟ್ಟಿದ್ದು.