ಕೋಲ್ಮಾರ್‌ನ ಉಂಟರ್‌ಲಿಂಡನ್ ಸಂಗ್ರಹಾಲಯಕ್ಕೆ ಅರ್ಧ ದಿನ ಸಾಕಾಗುವುದೇ?

ಪ್ರಶ್ನೆ:
ಮುಂದಿನ ತಿಂಗಳು ಕೆಲಸದ ನಿಮಿತ್ತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗುವವನಿದ್ದೇನೆ. ಕೊನೆಯ ದಿನ ಅರ್ಧ ದಿನದ ಬಿಡುವಿದ್ದು, ರೈಲಿನಲ್ಲಿ ಸುಮಾರು ಅರ್ಧ ಗಂಟೆ ದೂರದ ಕೋಲ್ಮಾರ್‌ಗೆ ಹೋಗಿ, ಮಧ್ಯಯುಗದ ಸನ್ಯಾಸಿನಿಯರ ಮಠದಲ್ಲಿರುವ ಉಂಟರ್‌ಲಿಂಡನ್ ಸಂಗ್ರಹಾಲಯವನ್ನು ನೋಡಬೇಕೆಂದಿದ್ದೇನೆ. ಅಲ್ಲಿನ ಪ್ರಸಿದ್ಧವಾದ, ಶಿಲುಬೆಗೇರಿದ ಕ್ರಿಸ್ತನ ಚಿತ್ರವನ್ನು ಹಳೆಯ ಪುಸ್ತಕವೊಂದರಲ್ಲಿ ನೋಡಿದಾಗ, ಆ ಕಪ್ಪು ಹಿನ್ನೆಲೆ ಮತ್ತು ಹುಣ್ಣು ತುಂಬಿದ ಮೈ ಕಂಡು ಪುಟ ಮಗುಚಿಬಿಟ್ಟಿದ್ದೆ. ಸನ್ಯಾಸಿನಿಯರು ಪ್ರತಿದಿನ ಇಂಥ ಚಿತ್ರದ ಮುಂದೆ ಪ್ರಾರ್ಥಿಸುತ್ತಿದ್ದರೇ? ಚಿತ್ರಕಲೆಯನ್ನಾಗಲಿ ಕ್ರೈಸ್ತ ಪರಂಪರೆಯನ್ನಾಗಲಿ ಓದಿಕೊಂಡವನಲ್ಲದ ನಾನು ಎಲ್ಲಿಂದ ನೋಡಲು ಆರಂಭಿಸಬೇಕು?

ಉತ್ತರ 1:
ಆ ಚಿತ್ರಕ್ಕೂ ಉಂಟರ್‌ಲಿಂಡನ್‌ನ ಸನ್ಯಾಸಿನಿಯರಿಗೂ ಸಂಬಂಧವಿಲ್ಲ. ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ ಅದನ್ನು 1512ರಿಂದ 1516ರ ನಡುವೆ, ಕೋಲ್ಮಾರ್‌ನ ದಕ್ಷಿಣಕ್ಕಿರುವ ಇಸೆನ್‌ಹೈಮ್‌ನ ಆಂಟೋನೈಟ್ ಮಠಕ್ಕಾಗಿ ಬರೆದನು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅದು ಕೋಲ್ಮಾರ್‌ಗೆ ಬಂದಿತು. ಉಂಟರ್‌ಲಿಂಡನ್ ಸೇರಿದ್ದು 19ನೆಯ ಶತಮಾನದ ನಡುವಿನಲ್ಲಿ.

ಆಂಟೋನೈಟರು ರೋಗಿಗಳ ಆರೈಕೆ ಮಾಡುತ್ತಿದ್ದ ಸನ್ಯಾಸಿಗಳು. ರೈ ಧಾನ್ಯದ ತೆನೆಗೆ ತಗಲುವ ಅರ್ಗಟ್ ಎಂಬ ಶಿಲೀಂಧ್ರ ರೊಟ್ಟಿಯ ಮೂಲಕ ಹೊಟ್ಟೆ ಸೇರಿದರೆ ರಕ್ತನಾಳಗಳು ಸಂಕುಚಿತಗೊಂಡು, ಕೈಕಾಲು ಬೆಂಕಿಯಂತೆ ಉರಿದು, ಕೊನೆಗೆ ಕೊಳೆತು ಹೋಗುತ್ತಿದ್ದವು. ‘ಸಂತ ಆಂಥನಿಯ ಬೆಂಕಿ’ ಎಂದು ಜನ ಕರೆಯುತ್ತಿದ್ದ ಆ ರೋಗ ಹತ್ತಿದವರು ಈ ಚಿತ್ರದ ಮುಂದೆ ನಿಂತಾಗ ಶಿಲುಬೆಯ ಮೇಲೆ ತಮ್ಮಂತೆಯೇ ಹುಣ್ಣಾದ ಮೈಯನ್ನು ಕಾಣುತ್ತಿದ್ದರು. ನಿಮ್ಮನ್ನು ಪುಟ ಮಗುಚುವಂತೆ ಮಾಡಿದ್ದೇ ಅವರ ಪಾಲಿಗೆ ಆಸರೆಯಾಗಿದ್ದಿರಬೇಕು ಎಂಬುದು ನನ್ನ ಎಣಿಕೆ. ಆದ್ದರಿಂದ ಮೊದಲು ಅದೇ ಕೃತಿಯ ಭಾಗವಾದ ‘ಸಂತ ಆಂಥನಿಯ ಪರೀಕ್ಷೆ’ಯ ಫಲಕದ ಕೆಳಗೆ ಎಡಮೂಲೆಯಲ್ಲಿ, ಹೊಟ್ಟೆಯುಬ್ಬಿ ಮೈಯೆಲ್ಲ ಹುಣ್ಣಾಗಿ ಬಿದ್ದಿರುವ ಆಕೃತಿಯನ್ನು ನೋಡಿ, ಆಮೇಲೆ ಶಿಲುಬೆಯ ಚಿತ್ರಕ್ಕೆ ಬನ್ನಿ.

ಇನ್ನೊಂದು ಮಾತು. 2022ರಲ್ಲಿ ಮುಗಿದ ಸಂರಕ್ಷಣಾ ಕಾರ್ಯದಲ್ಲಿ ಹಳದಿಗಟ್ಟಿದ್ದ ವಾರ್ನಿಷ್ ಪದರಗಳನ್ನು ತೆಳುವಾಗಿಸಿರುವುದರಿಂದ ನಿಮ್ಮ ಹಳೆಯ ಪುಸ್ತಕದ ಕಪ್ಪು ಅಲ್ಲಿ ಅಷ್ಟು ಕಪ್ಪಾಗಿ ಕಾಣುವುದಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕ್ರಮದ ಬಗ್ಗೆ ಭಿನ್ನಾಭಿಪ್ರಾಯವಿದೆ. ಇದು ಗೋಡೆಗೆ ತೂಗುಹಾಕಿದ ಚಿತ್ರವಲ್ಲ. ಬಾಗಿಲುಗಳಂತೆ ತೆರೆದು ಮುಚ್ಚುವ, ಎರಡೂ ಮಗ್ಗುಲಲ್ಲಿ ಬಣ್ಣವಿರುವ ಹಲಗೆಗಳ ಜೋಡಣೆ. ಈಗ ಅವನ್ನು ಬಿಡಿಸಿ ಮಠದ ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಬೇರೆ ಬೇರೆಯಾಗಿ ನಿಲ್ಲಿಸಿರುವುದರಿಂದ, ಗೋಡೆಯ ಮೇಲಿನ ಪುಟ್ಟ ಮಾದರಿಗಳಲ್ಲಿ ಯಾವುದು ಯಾವುದರ ಹಿಂದೆ ಬರುತ್ತಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳದಿದ್ದರೆ ದಿಕ್ಕು ತಪ್ಪುತ್ತದೆ. ಮೊದಲ ಸಲ ಹೋದಾಗ ನಾನು ಶಿಲುಬೆಯ ಚಿತ್ರವನ್ನು ಎದುರಿನಿಂದಷ್ಟೇ ನೋಡಿ ಹೊರಬಂದಿದ್ದೆ. ಸತ್ತ ದೇಹವಿರುವ ಹಲಗೆಯ ಬೆನ್ನಿಗೇ, ಕೆಂಪು ಮತ್ತು ಹಳದಿ ಬೆಳಕಿನ ವೃತ್ತದಲ್ಲಿ ಗಾಳಿಗೇರಿದ ಪುನರುತ್ಥಾನದ ಕ್ರಿಸ್ತನಿದ್ದಾನೆ ಎಂಬುದು ಎರಡನೆಯ ಭೇಟಿಯಲ್ಲಿ ಹಿಂದಕ್ಕೆ ನಡೆದಾಗಲೇ ತಿಳಿಯಿತು. ಎರಡು ಹಲಗೆಗಳು ಕೂಡುವ ಗೆರೆಯನ್ನೂ ಗಮನಿಸಿ: ಶಿಲುಬೆಯನ್ನು ನಡುವಿನಿಂದ ಬಲಕ್ಕೆ ಸರಿಸಿರುವುದರಿಂದ, ಬಾಗಿಲಿನಂಥ ಆ ಹಲಗೆಗಳು ತೆರೆದುಕೊಳ್ಳುವಾಗ ಕ್ರಿಸ್ತನ ಒಂದು ತೋಳು ಬೇರ್ಪಟ್ಟಂತೆ ಕಾಣುತ್ತಿತ್ತು. ಕೈಕಾಲು ಕಳೆದುಕೊಂಡವರು ಅದನ್ನು ಹೇಗೆ ನೋಡಿದ್ದಾರು?

ಉತ್ತರ 3:
ಚಿತ್ರದ ಮಾತಿನ ನಡುವೆ ಕಟ್ಟಡವನ್ನು ಮರೆಯಬೇಡಿ. 13ನೆಯ ಶತಮಾನದಲ್ಲಿ ಸ್ಥಾಪನೆಯಾದ ಈ ಡೊಮಿನಿಕನ್ ಮಠದ ಹೆಸರಿಗೆ ‘ಲಿಂಡನ್ ಮರಗಳ ಕೆಳಗೆ’ ಎಂದು ಅರ್ಥ. ಕ್ರಾಂತಿಯ ನಂತರ ಸೈನಿಕರ ವಸತಿಯಾಗಿದ್ದ ಇದು 1853ರಲ್ಲಿ ಸಂಗ್ರಹಾಲಯವಾಯಿತು. ಒಳ ಅಂಗಳದ ನಾಲ್ಕೂ ಬದಿಗೆ ಚೂಪು ಕಮಾನುಗಳ ಕೈಸಾಲೆಯಿದೆ. ಚಾಪೆಲ್‌ಗೆ ಹೋಗುವ ಮುನ್ನ ಅಲ್ಲಿ ಒಂದು ಸುತ್ತು ನಿಧಾನವಾಗಿ ನಡೆಯಿರಿ. 15ನೆಯ ಶತಮಾನದ ಚಿತ್ರಕಾರ ಮಾರ್ಟಿನ್ ಶೋನ್‌ಗೌವರ್‌ನ ಫಲಕಗಳಿಗೂ ಸ್ವಲ್ಪ ಸಮಯವಿಡಿ. ಸ್ವಿಸ್ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ಡಿ ಮ್ಯೂರನ್ ರೂಪಿಸಿದ ವಿಸ್ತರಣೆ, ಅದಕ್ಕೆ ಸೇರಿಕೊಂಡಿರುವ ಊರಿನ ಹಳೆಯ ಸ್ನಾನಗೃಹ, ಅಲ್ಲಿನ ಆಧುನಿಕ ಕಲೆ ಇವೆಲ್ಲ ಚೆನ್ನಾಗಿಯೇ ಇವೆ. ಆದರೂ ಮೂರೇ ಗಂಟೆಯಿದ್ದರೆ ಬಿಟ್ಟುಬಿಡಬಹುದು. ಮಂಗಳವಾರ ಸಂಗ್ರಹಾಲಯಕ್ಕೆ ರಜೆ ಎಂಬುದನ್ನು ನೆನಪಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನನ್ನ ಕೊನೆಯ ದಿನ ಮಂಗಳವಾರವೇ ಆಗಿತ್ತು! ಹೀಗಾಗಿ ಪ್ರಯಾಣವನ್ನು ಎರಡು ದಿನ ಹಿಂದಕ್ಕೆ ಸರಿಸಿ, ಕೆಲಸ ಆರಂಭವಾಗುವ ಮುನ್ನ ಬರುವ ಭಾನುವಾರವನ್ನು ಪೂರ್ತಿಯಾಗಿ ಕೋಲ್ಮಾರ್‌ಗೆ ಮೀಸಲಿಟ್ಟಿದ್ದೇನೆ. ಮೊದಲು ಕೈಸಾಲೆ, ಬಳಿಕ ಪುಟ್ಟ ಮಾದರಿಗಳು, ಆಮೇಲೆ ಆ ಎಡಮೂಲೆಯ ರೋಗಿ.