ಶೂನ್ಯ ಭಾಜಕ ಗ್ರಾಫ್ ಮೂರು ತುಂಡಾಗಿ ಬರುತ್ತಿದೆ: ದೋಷ ಪ್ರೋಗ್ರಾಮಿನದೋ, ಪ್ರಮೇಯದ ಅನ್ವಯದ್ದೋ?

ಎಂ.ಎಸ್ಸಿ. ವಿದ್ಯಾರ್ಥಿನಿ, ಗೋಣಿಕೊಪ್ಪ:
ಎಲ್ಲರಿಗೂ ನಮಸ್ಕಾರ. ರಿಂಗ್ (ಕೂಡಿಸುವ, ಗುಣಿಸುವ ಕ್ರಿಯೆಗಳಿರುವ ಗಣ) ಒಂದರ ಸೊನ್ನೆಯಲ್ಲದ ಶೂನ್ಯ ಭಾಜಕಗಳನ್ನು, ಅಂದರೆ ಸೊನ್ನೆಯಲ್ಲದ ಯಾವುದಾದರೂ ಅಂಶದ ಜೊತೆ ಗುಣಿಸಿದಾಗ ಸೊನ್ನೆ ಕೊಡುವ ಅಂಶಗಳನ್ನು, ಗ್ರಾಫಿನ ಶೃಂಗಗಳನ್ನಾಗಿಸಿ (ಬಿಂದುಗಳನ್ನಾಗಿಸಿ), ಗುಣಲಬ್ಧ ಸೊನ್ನೆಯಾಗುವ ಜೋಡಿಗಳ ನಡುವೆ ಅಂಚು ಎಳೆಯುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಮಾಡ್ಯುಲೋ 12ಕ್ಕೆ (12ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವ ಲೆಕ್ಕಕ್ಕೆ) 2, 3, 4, 6, 8, 9, 10 ಎಂಬ 7 ಶೃಂಗಗಳು, 8 ಅಂಚುಗಳು, ವ್ಯಾಸ (ಎರಡು ಶೃಂಗಗಳ ನಡುವಿನ ಅತಿ ಹೆಚ್ಚಿನ ದೂರ) 3 ಬರುತ್ತವೆ. ಕೈಲೆಕ್ಕಕ್ಕೂ ಇದು ತಾಳೆಯಾಗುತ್ತದೆ. ಆದರೆ 0 ಮತ್ತು 1 ಮಾತ್ರ ಇರುವ (1+1=0), ಕೆಳಗಿನ ಎಡ ಮೂಲೆ ಸೊನ್ನೆಯಾದ 2×2 ಮೇಲ್ತ್ರಿಕೋನ ಮಾತೃಕೆಗಳ 8 ಅಂಶಗಳ ರಿಂಗನ್ನು ಕೊಟ್ಟರೆ, ಗ್ರಾಫ್ ಸಂಬದ್ಧವಾಗಿಲ್ಲವೆಂದು (ಒಂದೇ ತುಂಡಾಗಿಲ್ಲವೆಂದು) ಹೇಳಿ ವ್ಯಾಸದ ಲೆಕ್ಕ ನಿಂತುಬಿಡುತ್ತದೆ. ಈ ಗ್ರಾಫ್ ಯಾವಾಗಲೂ ಸಂಬದ್ಧ, ವ್ಯಾಸ 3ನ್ನು ಮೀರದು ಎಂದು ಓದಿದ್ದೇನಲ್ಲ?

ಸೋಮವಾರಪೇಟೆಯ ಸದಸ್ಯ:
ಸೊನ್ನೆಯನ್ನೂ ಶೃಂಗವಾಗಿ ಸೇರಿಸಿದ್ದೀರಾ? 1988ರಲ್ಲಿ ಗಣಿತಜ್ಞ ಬೆಕ್ ಅವರು ಕೊಟ್ಟ ಮೂಲ ವ್ಯಾಖ್ಯೆಯಲ್ಲಿ ರಿಂಗಿನ ಎಲ್ಲ ಅಂಶಗಳೂ ಶೃಂಗಗಳೇ. ಆಗ ಸೊನ್ನೆ ಎಲ್ಲಕ್ಕೂ ಅಂಟಿಕೊಳ್ಳುವುದರಿಂದ ಗ್ರಾಫ್ ತುಂಡಾಗುವ ಪ್ರಶ್ನೆಯೇ ಬರುವುದಿಲ್ಲ.

ವಿದ್ಯಾರ್ಥಿನಿ:
ಇಲ್ಲ ಸರ್, ಸೊನ್ನೆಯನ್ನು ಸೇರಿಸಿಲ್ಲ. ಶೃಂಗಗಳು 5. ಅಂಚಿನ ಷರತ್ತಿನಲ್ಲಿ, ಮಾತೃಕೆಗಳ ವಿಷಯ ಎಂದು, ಎರಡೂ ಕ್ರಮದ ಗುಣಲಬ್ಧ ಸೊನ್ನೆಯಾಗಬೇಕೆಂದು ‘ಆ್ಯಂಡ್’ ಹಾಕಿದ್ದೇನೆ.

ಗಣಿತ ಅಧ್ಯಾಪಕ, ಮಡಿಕೇರಿ:
ತೊಂದರೆ ಇರುವುದು ಆ ‘ಆ್ಯಂಡ್’ನಲ್ಲಿಯೇ. ನೀವು ಓದಿದ ಪ್ರಮೇಯ ಆಂಡರ್ಸನ್ ಮತ್ತು ಲಿವಿಂಗ್‌ಸ್ಟನ್ ಅವರದು, 1999ರದು. ಅದು ಪರಿವರ್ತನೀಯ ರಿಂಗ್‌ಗಳಿಗೆ, ಅಂದರೆ ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಬದಲಾಗದ ರಿಂಗ್‌ಗಳಿಗೆ, ಸಂಬಂಧಿಸಿದ್ದು. ಸಾಧನೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕ, ಖ ಎರಡು ಶೂನ್ಯ ಭಾಜಕಗಳಾಗಿದ್ದು ಅವುಗಳ ನಡುವೆ ಅಂಚಿಲ್ಲವೆನ್ನಿ. ಕ ಜೊತೆ ಸೊನ್ನೆ ಕೊಡುವ ಚ, ಖ ಜೊತೆ ಸೊನ್ನೆ ಕೊಡುವ ತ ಎಂಬ ಸೊನ್ನೆಯಲ್ಲದ ಅಂಶಗಳನ್ನು ಆರಿಸಿಕೊಳ್ಳಿ. ಚ·ತ ಸೊನ್ನೆಯಾದರೆ ಕ–ಚ–ತ–ಖ ಎಂದು ಹೆಚ್ಚೆಂದರೆ ಮೂರು ಹೆಜ್ಜೆಯಲ್ಲಿ ತಲುಪುತ್ತೇವೆ; ಸೊನ್ನೆಯಾಗದಿದ್ದರೆ ಚ·ತ ಎಂಬ ಅಂಶವೇ ಎರಡಕ್ಕೂ ನಡುವಿನ ಶೃಂಗವಾಗುತ್ತದೆ. ಈ ಕೊನೆಯ ಮಾತು ನಿಲ್ಲುವುದು ಗುಣಾಕಾರದ ಕ್ರಮವನ್ನು ಬೇಕಾದಂತೆ ಬದಲಿಸಬಹುದು ಎಂಬ ಆಧಾರದ ಮೇಲೆ, ಮತ್ತು ನಿಮ್ಮ ಮಾತೃಕೆಗಳಲ್ಲಿ ಆ ಆಧಾರವೇ ಇಲ್ಲ.

ನಿನ್ನೆ ಸಂಜೆ ಮಳೆಗೆ ಕರೆಂಟ್ ಹೋಗಿದ್ದರಿಂದ ಇದನ್ನು ಕಾಗದದ ಮೇಲೆಯೇ ಮಾಡಿದೆ. ಐದೇ ಶೃಂಗಗಳಿರುವಾಗ ಅದೇ ವಾಸಿ. ಮೇಲಿನ ಎಡ, ಮೇಲಿನ ಬಲ, ಕೆಳಗಿನ ಬಲ ಎಂಬ ಕ್ರಮದಲ್ಲಿ ಬರೆದರೆ ಶೃಂಗಗಳು (1,0,0), (1,1,0), (0,1,0), (0,0,1), (0,1,1). ಎರಡೂ ಕ್ರಮದಲ್ಲಿ ಸೊನ್ನೆ ಕೊಡುವ ಜೋಡಿಗಳು ಎರಡೇ: (1,0,0) ಜೊತೆ (0,0,1), ಮತ್ತು (1,1,0) ಜೊತೆ (0,1,1). (0,1,0) ಒಂಟಿಯಾಗಿ ಉಳಿಯುತ್ತದೆ. ನಿಮಗೆ ಬಂದ ಮೂರು ತುಂಡುಗಳು ಇವೇ ಇರಬೇಕು. ಆದರೆ (0,1,0)ವನ್ನು ಎಡಕ್ಕಿಟ್ಟು (1,0,0)ವನ್ನು ಬಲಕ್ಕಿಟ್ಟು ಗುಣಿಸಿದರೆ ಸೊನ್ನೆ ಬರುತ್ತದೆ, ಅದಲುಬದಲು ಮಾಡಿದರೆ (0,1,0) ಬರುತ್ತದೆ. ಆ ಅಂಚನ್ನು ನಿಮ್ಮ ಷರತ್ತು ಕೈಬಿಟ್ಟಿದೆ.

2002ರಲ್ಲಿ ರೆಡ್ಮಂಡ್ ಅವರು ಅಪರಿವರ್ತನೀಯ ರಿಂಗ್‌ಗಳಿಗೆ ಎರಡು ದಾರಿ ತೋರಿಸಿದ್ದಾರೆ. ಒಂದು, ಎಡದಿಂದ ಬಲಕ್ಕೆ ಬಾಣವಿರುವ ದಿಶಾಯುಕ್ತ ಗ್ರಾಫ್; ಇನ್ನೊಂದು, ಯಾವುದಾದರೂ ಒಂದು ಕ್ರಮದಲ್ಲಿ ಸೊನ್ನೆ ಬಂದರೆ ಸಾಕೆನ್ನುವ ಬಾಣವಿಲ್ಲದ ಗ್ರಾಫ್. ಎರಡನೆಯದು ಯಾವಾಗಲೂ ಸಂಬದ್ಧ, ವ್ಯಾಸವೂ 3ರೊಳಗೇ. ಆದ್ದರಿಂದ ‘ಆ್ಯಂಡ್’ ತೆಗೆದು ‘ಆರ್’ ಹಾಕಿ. ಪಟ್ಟಿಯಲ್ಲಿ ಮುಂದಿರುವುದನ್ನು ಮಾತ್ರ ಎಡಕ್ಕಿಟ್ಟು ಒಂದೇ ಗುಣಲಬ್ಧ ಪರೀಕ್ಷಿಸುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಪಟ್ಟಿಯ ಕ್ರಮ ಬದಲಾದಂತೆ ಅಂಚುಗಳ ಸಂಖ್ಯೆಯೂ ಬದಲಾಗುತ್ತದೆ, ಅಂಥ ದೋಷ ಮಾಡ್ಯುಲೋ 12ರ ಪರೀಕ್ಷೆಯಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ.

ವಿದ್ಯಾರ್ಥಿನಿ:
‘ಆರ್’ ಹಾಕಿದ ಮೇಲೆ 8 ಅಂಚುಗಳು, ವ್ಯಾಸ 2 ಬಂದವು ಸರ್. (0,1,0) ನಡುವೆ ನಿಂತಿದೆ, ಉಳಿದ ನಾಲ್ಕೂ ಅದರ ಸುತ್ತ ಚಕ್ರವಾಗಿವೆ. ತುಂಬಾ ಧನ್ಯವಾದಗಳು. ಇನ್ನೊಂದು ಸಂದೇಹ: ಮಾಡ್ಯುಲೋ 6ಕ್ಕೂ ಮಾಡ್ಯುಲೋ 8ಕ್ಕೂ ಮೂರು ಶೃಂಗಗಳ ಒಂದೇ ಸರಪಳಿ ಬರುತ್ತಿದೆ. ಇದೂ ಪ್ರೋಗ್ರಾಮಿನ ದೋಷವೇ?

ಅಧ್ಯಾಪಕ, ಮಡಿಕೇರಿ:
ಅಲ್ಲ, ಅದು ಸರಿಯಾಗಿಯೇ ಇದೆ. ಮೊದಲನೆಯದು 2–3–4, ಎರಡನೆಯದು 2–4–6. ತನ್ನನ್ನೇ ಗುಣಿಸಿದಾಗ ಸೊನ್ನೆಯಾಗುವ ಅಂಶಕ್ಕೆ ಲೂಪ್ (ತನ್ನಿಂದ ತನಗೇ ಅಂಚು) ಹಾಕಿದರೆ ಇವೆರಡೂ ಬೇರೆಯಾಗುತ್ತವೆ: ಮಾಡ್ಯುಲೋ 8ರಲ್ಲಿ 4×4 ಸೊನ್ನೆ, ಮಾಡ್ಯುಲೋ 6ರಲ್ಲಿ 3×3 ಮತ್ತೆ 3. ಆದರೆ ಲೂಪನ್ನೇ ನಂಬಿ ಕೂರುವಂತಿಲ್ಲ. 0, 1 ಸಹಗುಣಕಗಳ ಬಹುಪದಗಳಲ್ಲಿ ಚರದ ಘನವನ್ನು ಸೊನ್ನೆಯೆಂದು ಇಟ್ಟರೆ ಸಿಗುವ 8 ಅಂಶಗಳ ರಿಂಗಿಗೂ, ಮಾಡ್ಯುಲೋ 8ಕ್ಕೂ ಲೂಪ್ ಸಮೇತ ಗ್ರಾಫ್ ಒಂದೇ. ಅಲ್ಲಿ 1ಕ್ಕೆ 1 ಕೂಡಿಸಿದರೆ ಸೊನ್ನೆ, ಇಲ್ಲಿ 2. ಸಂಕಲನದ ಈ ವ್ಯತ್ಯಾಸವನ್ನು ಗ್ರಾಫ್ ದಾಖಲಿಸುವುದೇ ಇಲ್ಲ. ರಿಂಗ್‌ಗಳನ್ನು ಬೇರ್ಪಡಿಸುವುದೇ ನಿಮ್ಮ ಉದ್ದೇಶವಾದರೆ, 1ನ್ನು ಎಷ್ಟು ಸಲ ಕೂಡಿಸಿದರೆ ಸೊನ್ನೆಯಾಗುತ್ತದೆ ಎಂಬ ಸಂಖ್ಯೆಯನ್ನೂ ಗ್ರಾಫಿನ ಪಕ್ಕದಲ್ಲಿ ಮುದ್ರಿಸಿಕೊಳ್ಳಿ.