ಕಿರುಪರೀಕ್ಷೆಗಳ ಆಧಾರದ ಮೇಲೆ ಗಣಿತದ ಪರಿಹಾರ ಬೋಧನೆಯನ್ನು ರೂಪಿಸುವುದು ಹೇಗೆ?

ಪ್ರಶ್ನೆ

ನಾನು ಏಳನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಕ್ಕಳನ್ನೆಲ್ಲ ಒಂದೇ ಗುಂಪಾಗಿ ಕೂರಿಸಿ, ಇಡೀ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಹೇಳಿಕೊಡುವುದು ನಮ್ಮಲ್ಲಿ ನಡೆದುಬಂದ ಪರಿಹಾರ ಬೋಧನೆಯ, ಅಂದರೆ ಹಿಂದುಳಿದವರಿಗೆ ಮತ್ತೆ ಕಲಿಸುವ, ಪದ್ಧತಿ. ಒಂದೇ ಅಂಕ ಪಡೆದ ಇಬ್ಬರು ಮಕ್ಕಳಿಗೆ ಬೇಕಾಗಿರುವ ನೆರವು ಒಂದೇ ಅಲ್ಲವೆಂಬುದು ತರಗತಿಯಲ್ಲಿ ಕಣ್ಣಿಗೆ ಕಾಣುತ್ತದೆಯಾದರೂ, ಅಂಕಪಟ್ಟಿ ಅದನ್ನು ಹೇಳುವುದಿಲ್ಲ. ವಾರದ ಕಿರುಪರೀಕ್ಷೆಗಳು ಮತ್ತು ಮನೆಗೆಲಸದ ಪುಸ್ತಕಗಳು ನನ್ನ ಬಳಿ ಇವೆ. ಯಾರಿಗೆ ಏನನ್ನು ಮತ್ತೆ ಕಲಿಸಬೇಕೆಂದು ಇವುಗಳಿಂದ ತೀರ್ಮಾನಿಸುವುದು ಹೇಗೆ?

ಮೊದಲ ಉತ್ತರ

ಅಂಕಗಳನ್ನು ಬದಿಗಿಟ್ಟು ತಪ್ಪು ಉತ್ತರಗಳನ್ನೇ ಓದಿ. 503ರಿಂದ 287 ಕಳೆದರೆ 216 ಬರಬೇಕು. ಒಬ್ಬಳು 384 ಎಂದು ಬರೆದಿದ್ದರೆ, ಯಾವ ಅಂಕಿ ಮೇಲಿದೆ, ಯಾವುದು ಕೆಳಗಿದೆ ಎಂದು ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ಇನ್ನೊಬ್ಬ 316 ಎಂದು ಬರೆದಿದ್ದರೆ, ಅವನಿಗೆ ದಶಕ ತೆಗೆದುಕೊಳ್ಳುವುದು ಗೊತ್ತಿದೆ. ನಡುವಿನ ಸೊನ್ನೆಯನ್ನು ಒಂಬತ್ತು ಮಾಡಿಕೊಂಡವನು ನೂರರ ಸ್ಥಾನದ ಐದನ್ನು ನಾಲ್ಕಕ್ಕೆ ಇಳಿಸುವುದನ್ನು ಮಾತ್ರ ಬಿಟ್ಟಿದ್ದಾನೆ. ಇಬ್ಬರಿಗೂ ಸಿಗುವುದು ಸೊನ್ನೆ ಅಂಕ. ಆದರೆ ಅವಳಿಗೆ ಸ್ಥಾನಬೆಲೆಯನ್ನೇ ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸುತ್ತ ಮತ್ತೆ ಕಲಿಸಬೇಕು. ಅವನಿಗೆ ನಡುವೆ ಸೊನ್ನೆ ಇರುವ ಲೆಕ್ಕಗಳನ್ನು ಕೊಟ್ಟು, ಆ ಒಂದು ಹೆಜ್ಜೆಯನ್ನು ತಿದ್ದಿದರೆ ಸಾಕು.

ಮಕ್ಕಳ ಇಂಥ ತಪ್ಪುಗಳು ಬಹುಪಾಲು ಒಂದು ನಿಯಮಕ್ಕೆ ಒಳಪಟ್ಟಿರುತ್ತವೆ ಎಂಬುದನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿಯೇ ವ್ಯವಕಲನದ ಲೆಕ್ಕಗಳನ್ನು ಇಟ್ಟುಕೊಂಡು ವಿಶದವಾಗಿ ತೋರಿಸಿದ್ದಾರೆ. ಆದ್ದರಿಂದ ನಿಮ್ಮ ದಾಖಲೆಯಲ್ಲಿ ಮಗುವಿನ ಹೆಸರಿನ ಮುಂದೆ ಸರಿ ಅಥವಾ ತಪ್ಪು ಎಂಬ ಗುರುತಿಗೆ ಬದಲಾಗಿ, ಮಗು ಬರೆದ ಉತ್ತರವನ್ನೇ ನಮೂದಿಸಿ. ಒಂದೇ ತಪ್ಪು ಉತ್ತರ ಯಾರ ಯಾರ ಹೆಸರಿನ ಮುಂದೆ ಬರುತ್ತದೆಯೋ ಅವರೇ ನಿಮ್ಮ ಗುಂಪು. ತರಗತಿಯ ಹೆಚ್ಚಿನವರು ಅದೇ ತಪ್ಪು ಮಾಡಿದ್ದರೆ ಪ್ರತ್ಯೇಕ ಗುಂಪು ಬೇಡ, ಎಲ್ಲರಿಗೂ ಇನ್ನೊಂದು ಬಗೆಯಲ್ಲಿ ಪಾಠ ಮಾಡಿ.

ಎರಡನೆಯ ಉತ್ತರ

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಪ್ರಶ್ನೆಗಳೇ ಸರಿಯಾಗಿಲ್ಲದಿದ್ದರೆ ಉತ್ತರಗಳಿಂದ ಏನೂ ತಿಳಿಯದು. 0.75 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ಐದಕ್ಕಿಂತ ಎಪ್ಪತ್ತೈದು ದೊಡ್ಡದೆಂದು ಭಾವಿಸಿದ ಮಗುವೂ ಸರಿಯುತ್ತರವನ್ನೇ ಕೊಡುತ್ತದೆ, ನಾವು ಟಿಕ್ ಹಾಕಿ ಮುಂದೆ ಹೋಗುತ್ತೇವೆ. 0.48 ಮತ್ತು 0.6 ಎಂದು ಕೇಳಿದಾಗ ಮಾತ್ರ ಆ ತಪ್ಪು ಗ್ರಹಿಕೆ ಹೊರಬರುತ್ತದೆ. ಹೆಚ್ಚು ಅಂಕಿಗಳಿದ್ದರೆ ಸಂಖ್ಯೆ ಚಿಕ್ಕದು ಎಂದು ನಂಬುವ ಮಕ್ಕಳೂ ಇರುವುದರಿಂದ ಎರಡೂ ಜೋಡಿಗಳು ಬೇಕೇ ಬೇಕು. ಹಾಗೆಯೇ, ಒಂದೇ ಲೆಕ್ಕ ನೋಡಿ ತೀರ್ಪು ಕೊಡಬೇಡಿ. ಅವಸರದಲ್ಲಿ ಆದ ತಪ್ಪು ಒಮ್ಮೆ ಬಂದು ಹೋಗುತ್ತದೆ, ಗ್ರಹಿಕೆಯ ತಪ್ಪು ಅದೇ ಬಗೆಯ ಮೂರು ನಾಲ್ಕು ಲೆಕ್ಕಗಳಲ್ಲಿಯೂ ಮರುಕಳಿಸುತ್ತದೆ. ಅನುಮಾನವಿದ್ದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಇದನ್ನು ಹೇಗೆ ಮಾಡಿದೆ, ಹೇಳು' ಎಂದು ಕೇಳಿ, ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಉತ್ತರಪತ್ರಿಕೆ ಎಂದೂ ಹೇಳದಷ್ಟು ಸಂಗತಿ ಆ ಎರಡು ನಿಮಿಷಗಳಲ್ಲಿ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆದರೆ ತಪ್ಪುಗಳ ಪಟ್ಟಿ ಉದ್ದವಾಗುತ್ತದೆ, ಮುಂದಿನ ಪರೀಕ್ಷೆಯೋ ಹತ್ತಿರದಲ್ಲಿದೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ಪರಿಹಾರ ಬೋಧನೆ ಫಲ ಕೊಟ್ಟಿದೆಯೆಂದು ತಿಳಿಯುವುದು ಹೇಗೆ?

ಮೂರನೆಯ ಉತ್ತರ

ಮುಂದಿನ ಪಾಠಗಳಿಗೆ ಅಡ್ಡಿಯಾಗುವ ತಪ್ಪನ್ನು ಮೊದಲು ಎತ್ತಿಕೊಳ್ಳಿ. 3x + 7 = 1 ಎಂಬ ಸಮೀಕರಣಕ್ಕೆ x = 2 ಎಂದು ಬರೆದ ಮಗುವಿನ ಹೆಜ್ಜೆಗಳನ್ನು ನೋಡಿ. ಎರಡೂ ಕಡೆಯಿಂದ 7 ಕಳೆಯಬೇಕೆಂಬುದು ಅದಕ್ಕೆ ತಿಳಿದಿದೆ. 1ರಿಂದ 7 ಕಳೆದಾಗ ಋಣ 6ರ ಬದಲು 6 ಎಂದು ಬರೆದುಕೊಂಡಿದೆ. ಈ ಮಗುವಿಗೆ ಸಮೀಕರಣದ ಅಧ್ಯಾಯವನ್ನು ಮತ್ತೆ ಪಾಠ ಮಾಡುವುದು ಇಬ್ಬರ ಸಮಯವನ್ನೂ ವ್ಯರ್ಥ ಮಾಡಿದಂತೆ. ಸಂಖ್ಯಾರೇಖೆಯ ಮೇಲೆ ಪೂರ್ಣಾಂಕಗಳ ವ್ಯವಕಲನ ಗಟ್ಟಿಯಾದರೆ ಸಮೀಕರಣ ಮಾತ್ರವಲ್ಲ, ಬೀಜಗಣಿತದ ಇತರ ಲೆಕ್ಕಗಳೂ ಸುಧಾರಿಸುತ್ತವೆ.

ಫಲ ತಿಳಿಯಲು, ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ಮುಂದಿಟ್ಟ ಪ್ರಭುತ್ವ ಕಲಿಕೆಯ, ಅಂದರೆ ಒಂದು ಪಾಠ ಚೆನ್ನಾಗಿ ಕೈವಶವಾದ ಮೇಲೆಯೇ ಮುಂದಿನದಕ್ಕೆ ಹೋಗುವ, ಕ್ರಮ ಇಂದಿಗೂ ಉಪಯುಕ್ತ. ಕಿರುಪರೀಕ್ಷೆಯಲ್ಲಿ ಕಂಡ ಕೊರತೆಗೆ ಬೇರೊಂದು ವಿಧಾನದಿಂದ ಬೋಧನೆ ನಡೆದ ಮೇಲೆ, ಅದೇ ಕೌಶಲವನ್ನು ಬೇರೆ ಸಂಖ್ಯೆಗಳಿಂದ ಪರೀಕ್ಷಿಸುವ ಇನ್ನೊಂದು ಕಿರುಪರೀಕ್ಷೆ ಕೊಡಬೇಕು. ಇದನ್ನು ಕಲಿಸಿದ ದಿನವೇ ಕೊಟ್ಟರೆ ನೆನಪಿನ ಬಲದಿಂದಲೇ ಉತ್ತರ ಬಂದುಬಿಡುತ್ತದೆ. ಒಂದು ವಾರ ಬಿಟ್ಟು, ಬೇರೆ ಅಧ್ಯಾಯಗಳ ಲೆಕ್ಕಗಳ ನಡುವೆ ಸೇರಿಸಿ ಕೊಡಿ. ಅದರಲ್ಲಿ ತೇರ್ಗಡೆಯಾದ ಮಗುವನ್ನು ಅಂದೇ ಗುಂಪಿನಿಂದ ಬಿಡಿಸಿ, ಏಕೆಂದರೆ ಪರಿಹಾರ ಬೋಧನೆಯ ಗುಂಪು ವರ್ಷವಿಡೀ ಅದೇ ಮಕ್ಕಳದ್ದಾಗಿ ಉಳಿದರೆ ಅದು ದಡ್ಡರ ಗುಂಪೆಂಬ ಹೆಸರು ಹೊತ್ತುಬಿಡುತ್ತದೆ, ಮಕ್ಕಳು ಅಲ್ಲಿಗೆ ಬರಲು ಹಿಂಜರಿಯುತ್ತಾರೆ.